ಕಾಲಿಪಾ ಕಂಬಳಿಮನೆ ಬಿಚ್ಚಿದ್ದು

ತೊಸೊರ್ ಊರಿನಲ್ಲಿ ಕಾಲಿಪಾಳ ಸಿಟ್ಟಿಗೆ ಹೆದರದವಳೆಂದರೆ ಅವಳ ಓರಗಿತ್ತಿ ಸಾಕಿನ್ ಒಬ್ಬಳೇ. ಉಳಿದವರೆಲ್ಲ, ಗಂಡಸರೂ ಸೇರಿ, ಅವಳ ಹುಬ್ಬು ಗಂಟಿಕ್ಕಿದರೆ ಸಾಕು, ಕುರಿ ನೋಡಿ ಬರುತ್ತೇವೆಂದು ನೆಪ ಹೇಳಿ ಎದ್ದುಬಿಡುತ್ತಿದ್ದರು. ಸಾಮೂಹಿಕ ಬೇಸಾಯದ ಕಾಲದ ಮಾತು, ಆಗ ಅವಳಿನ್ನೂ ಹೊಸ ಸೊಸೆ. ಉಣ್ಣೆ ಕತ್ತರಿಸುವ ಹೆಂಗಸರ ಮೇಲೆ ತಂಡದ ಮುಖ್ಯಸ್ಥ ಕುದುರೆಯಿಂದ ಇಳಿಯದೆ ಕೂಗಾಡಿದ. ಕಾಲಿಪಾ ಹೋಗಿ ಲಗಾಮು ಹಿಡಿದಳು, ಕುದುರೆಯನ್ನು ಸವಾರನ ಸಮೇತ ಇಸ್ಸಿಕ್‌ಕುಲ್ ಸರೋವರದೊಳಕ್ಕೆ ಎಳೆದುಕೊಂಡು ಹೋಗಿ, ತಣ್ಣೀರು ಅವನ ಬೂಟು ತುಂಬುವವರೆಗೆ ನಡೆಸಿ, ಅಲ್ಲೇ ಬಿಟ್ಟು ಬಂದಳು. ಆಮೇಲೆ ಆ ಮನುಷ್ಯ ಹೆಂಗಸರು ಕೂತ ಜಾಗ ದೂರದಲ್ಲಿ ಕಂಡ ಕೂಡಲೇ ಕುದುರೆ ಇಳಿದು ನಡೆದು ಬರುತ್ತಿದ್ದ.

ಆ ಸಿಟ್ಟನ್ನು ಊರು ಕರೆದು ಕೂರಿಸಿ ಗೌರವಿಸುತ್ತಿದ್ದ ಜಾಗವೊಂದಿತ್ತು. ನಮ್ಮ ಕಡೆ ಸಾವಾದರೆ ಅಂಗಳದಲ್ಲಿ ಕಂಬಳಿಮನೆ, ಅಂದರೆ ಮರದ ಜಾಲರಿಗೆ ಕಂಬಳಿ ಹೊದಿಸಿದ ದುಂಡು ಗುಡಾರ, ಎತ್ತುತ್ತಾರೆ. ಹೆಣ ಒಳಗೆ, ಪರದೆಯ ಹಿಂದೆ. ಗಂಡಸರು ಹೊರಗೆ ಕೋಲೂರಿ ನಿಂತು ಅಳುತ್ತಾರೆ. ಹೆಂಗಸರು ಬಂದವರಿಗೆ ಬೆನ್ನು ಹಾಕಿ, ಮರದ ಜಾಲರಿ ಗೋಡೆಗೆ ಮುಖ ಮಾಡಿ ಕೂತು, ಸಾವಿನ ಹಾಡು ಹೇಳುತ್ತಾರೆ. ಎಲ್ಲರೂ ಸತ್ತವರನ್ನು ಹೊಗಳಿ ಹಾಡಿದರೆ ಕಾಲಿಪಾ ಬೈದು ಹಾಡುತ್ತಿದ್ದಳು. ಚಳಿಗಾಲಕ್ಕೆ ಹುಲ್ಲು ಕೂಡಿಡದೆ ಎಲ್ಲಿಗೆ ಹೊರಟೆ, ಸೊಸೆಯ ಮುಖ ನೋಡುತ್ತೇನೆಂದು ಮಾತು ಕೊಟ್ಟು ಯಾಕೆ ಮುರಿದೆ ಎಂದು ಹೆಣದೊಂದಿಗೆ ಜಗಳಕ್ಕೇ ಇಳಿಯುವಳು. ಅವಳು ಬೈಯುತ್ತ ಬೈಯುತ್ತ ದನಿ ಒಡೆದಾಗ, ಹೊರಗೆ ನಿಂತ ಗಟ್ಟಿ ಗಂಡಸರೂ ಟೋಪಿ ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ಸುತ್ತಲ ಊರುಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು.

ಕಾಲಿಪಾಳ ಮನೆತನದ ಕಂಬಳಿಮನೆ ಅತ್ತೆ ಉರ್ಕುಯಾಳದು. ಹಳೆಯ ಕಂಬಳಿಗಳು ಸವೆದುಹೋಗಿದ್ದಾಗ ಇಬ್ಬರು ಸೊಸೆಯಂದಿರೂ ಸೇರಿ ಹೊಸ ಹೊದಿಕೆ ಮಾಡಿದ್ದರು. ಅವು ನೇಯ್ದ ಕಂಬಳಿಗಳಲ್ಲ. ಬಡಿದು ಹರಡಿದ ಉಣ್ಣೆಗೆ ಕುದಿನೀರು ಹುಯ್ದು, ಹುಲ್ಲಿನ ಚಾಪೆಯಲ್ಲಿ ಸುತ್ತಿ, ಉರುಳಿಸಿ, ತುಳಿದು, ಮೊಣಕೈಯಿಂದ ಒತ್ತಿ ಒತ್ತಿ ಗಟ್ಟಿ ಮಾಡಿದಂಥವು. ಇಬ್ಬರ ಮೊಣಕೈ ಚರ್ಮವೂ ಆ ಬೇಸಿಗೆಯಲ್ಲಿ ಕಿತ್ತು ಹೋಗಿತ್ತು. ಸಾಕಿನಳ ಹೆಣ್ಣುಮಕ್ಕಳ ಮದುವೆ ಅದರಲ್ಲೇ ಆಯಿತು. ಅತ್ತೆಯ ಹೆಣ ಅದರ ಬಲಭಾಗದಲ್ಲಿ ಮಲಗಿತು. ಆಮೇಲೆ ಸಾಕಿನಳ ಗಂಡ ಎಡಭಾಗದಲ್ಲಿ, ಅವನಾದ ಮೇಲೆ ಅದೇ ಜಾಗದಲ್ಲಿ ಕಾಲಿಪಾಳ ಗಂಡ ಜಪಾರ್.

ಜಪಾರ್ ತೀರಿದ ಮರುವರ್ಷದ ವಸಂತದಲ್ಲಿ ಮೆದೆರ್‌ಬೆಕ್ ಎಂಬವನು ಊರಿಗೆ ಬಂದ. ರಾಜಧಾನಿ ಬಿಷ್ಕೆಕ್‌ನವನು, ಬಿಳಿ ಕಾರು, ಬಾಯಿ ತುಂಬ ಅಮ್ಮ ಅಮ್ಮ ಎನ್ನುವ ಮೃದು ಮಾತಿನವನು. ಕಡಲ ತೀರದ ಯಾವುದೋ ಶಹರದಲ್ಲಿ ವಿಶ್ವ ಮೇಳ ನಡೆಯುತ್ತದೆ, ಭೂಮಿಯ ಮೇಲಿನ ದೇಶಗಳೆಲ್ಲ ಒಂದೊಂದು ಮಂಟಪ ಕಟ್ಟುತ್ತವೆ, ನಮ್ಮ ದೇಶದ ಮಂಟಪ ಕಟ್ಟುವ ಗುತ್ತಿಗೆ ತನ್ನ ಕಂಪನಿಗೆ ಸಿಕ್ಕಿದೆ ಎಂದ. ಅಂಗಡಿಯ ಹೊಸ ಕಂಬಳಿಮನೆ ಬೇಡ, ಬಾಳಿ ಬದುಕಿದ ಮನೆಯೇ ಬೇಕು, ಅದರ ಜೊತೆಗೆ ಅದರೊಳಗೆ ಬಾಳಿದ ಒಬ್ಬ ಹೆಂಗಸೂ ಬೇಕು ಎಂದ. ಮೇಳ ಮುಗಿದ ಮೇಲೆ ಒಂದು ನೂಲೂ ಕದಲದ ಹಾಗೆ ವಾಪಸು ತಂದುಕೊಡುವುದಾಗಿ ಮಾತು ಕೊಟ್ಟ.

ಸಾಕಿನ್ ಚಹಾದ ಬಟ್ಟಲು ಕೆಳಗಿಟ್ಟು ಬೇಡ ಎಂದಳು. ಸತ್ತವರು ಮಲಗಿದ ಮನೆಯನ್ನು ತಮಾಷೆ ನೋಡುವವರ ನಡುವೆ ನಿಲ್ಲಿಸಬಾರದು, ಅಷ್ಟೇ. ಅವಳದು ಯಾವಾಗಲೂ ಚಿಕ್ಕ ಮಾತು.

ಕಾಲಿಪಾಳಿಗೆ ಹೋಗುವ ಆಸೆ. ಗಂಡ ಹೋದ ಮೇಲಿನ ಮನೆ ಅವಳನ್ನು ಕಚ್ಚುತ್ತಿತ್ತು. ಕಡಲನ್ನು ಅವಳು ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ದೇಶವೇ ಮನೆ ಬಾಗಿಲಿಗೆ ಬಂದು ನೀನು ಬೇಕು ಎಂದು ಕೇಳಿದೆ, ಇಲ್ಲ ಎನ್ನುವುದು ಹೇಗೆ? ಮದುವೆಗಳೂ ಇದರಲ್ಲೇ ಆಗಿವೆಯಲ್ಲ, ಬರೀ ಸಾವಿನ ಮನೆ ಅಂತ ಯಾಕಂತೀಯ ಎಂದು ವಾದಕ್ಕೆ ನಿಂತಳು. ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ಕೊನೆಗೆ ಸಾಕಿನ್ ಎದ್ದು ಹೋಗಿ ತನ್ನ ಮನೆಯ ಬಾಗಿಲು ಹಾಕಿಕೊಂಡಳು. ಕಂಬಳಿಗಳನ್ನು ಲಾರಿಗೆ ಏರಿಸುವ ದಿನವೂ ಅವಳು ಹೊರಗೆ ಬರಲಿಲ್ಲ. ಬರದಿದ್ದರೆ ಬಿಡಲಿ ಎಂದು ಕಾಲಿಪಾ ಊರಿಗೆಲ್ಲ ಕೇಳುವ ಹಾಗೆ ಹೇಳಿ ಲಾರಿಯ ಹಿಂದಿನ ಕಾರು ಹತ್ತಿದಳು.

ಮೇಳದ ಶಹರದಲ್ಲಿ ಬೆಂಕಿಯಂಥ ಸೆಕೆ. ದೇಶದ ಮಂಟಪವೆಂದರೆ ಗಾಜು ಮತ್ತು ಕಬ್ಬಿಣದ ದೊಡ್ಡ ಪೆಟ್ಟಿಗೆ, ಹೊರಗೋಡೆಯ ಮೇಲೆ ಓಡುವ ಕುದುರೆಗಳ ಬೆಳಕಿನ ಚಿತ್ರ. ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಕಂಬಳಿಮನೆಯನ್ನು ನಿಲ್ಲಿಸಿದ್ದರು. ಕಾಲಿಪಾ ಮೊದಲ ದಿನ ಒಳಗೆ ಕೂತು ಅಭ್ಯಾಸಬಲದಿಂದ ತಲೆ ಎತ್ತಿ, ಹೊಗೆ ಹೋಗಲು ಬಿಟ್ಟ ನೆತ್ತಿಯ ಮರದ ಚಕ್ರದ ಕಡೆ ನೋಡಿದಳು. ಚಕ್ರದ ಆಚೆ ಆಕಾಶವಿರಬೇಕಾದಲ್ಲಿ ತಗಡಿನ ಕೊಳವೆಗಳಿದ್ದವು. ಒಲೆಯ ಜಾಗದಲ್ಲಿ ಕೆಂಪು ಬಟ್ಟೆಯ ಚೂರುಗಳು ಗಾಳಿಗೆ ಹಾರಾಡುವ ವಿದ್ಯುತ್ ಬೆಂಕಿ. ಕುದುರೆ ಹಾಲಿನ ಹುಳಿ ಕುಮಿಸ್ ಎಂದು ಜನರಿಗೆ ಕೊಡುತ್ತಿದ್ದದ್ದು ಹಾಲಿನ ಪುಡಿಗೆ ಸೋಡಾ ಬೆರೆಸಿದ್ದು. ಮೊದಲ ವಾರ ಅವಳು ಕರಿದ ಬೋರ್‌ಸೋಕ್ ಎಂಬ ಹಿಟ್ಟಿನ ತುಂಡುಗಳಿಂದ ಎಣ್ಣೆಯ ವಾಸನೆ ಬರುತ್ತದೆಂದು ಅವನ್ನೂ ನಿಲ್ಲಿಸಿ, ಪ್ಲಾಸ್ಟಿಕ್ಕಿನವನ್ನು ತಟ್ಟೆಯಲ್ಲಿ ಜೋಡಿಸಿದರು. ಒಂದು ಮಗು ಅದನ್ನು ಕಚ್ಚಿ ಅತ್ತಿತು. ಮಗುವಿನ ತಾಯಿ ಕಾಲಿಪಾಳನ್ನು ದುರುಗುಟ್ಟಿ ನೋಡಿದಳು, ಅವಳೇ ಹಾಗೆ ಮಾಡಿಟ್ಟಳೆಂಬಂತೆ.

ಅವಳ ಕೆಲಸ ಬಿಳಿ ರುಮಾಲು ಸುತ್ತಿಕೊಂಡು, ತಕಲಿ ತಿರುಗಿಸುತ್ತ, ಬಂದವರನ್ನು ನೋಡಿ ನಗುವುದು. ಬಂದವರು ಹೊಸ್ತಿಲ ಮೇಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಸ್ತಿಲು ತುಳಿದವನನ್ನು ನಮ್ಮಲ್ಲಿ ಮನೆಯವರ ಕತ್ತು ತುಳಿದವನ ಹಾಗೆ ನೋಡುತ್ತಾರೆ. ಕುಂದುಜ್ ಎಂಬ ಹುಡುಗಿ, ಕುಣಿತದ ತಂಡದವಳು, ನಾಲ್ಕು ಭಾಷೆ ಬಲ್ಲವಳು, ಕಾಲಿಪಾಳ ಪಕ್ಕ ನಿಂತು ಅವಳ ಮಾತನ್ನು ಬಂದವರಿಗೆ ತಿಳಿಸುತ್ತಿದ್ದಳು. ಒಂದು ದಿನ ದಪ್ಪ ಆಸಾಮಿಯೊಬ್ಬ ಹೊಸ್ತಿಲ ಮೇಲೆ ಎರಡೂ ಕಾಲಿಟ್ಟು ಕುಣಿದಾಡಿದ.

"ನಿನ್ನ ಕಾಲು ಸೇದಿಹೋಗ, ಇಳಿಯೋ ಕೆಳಗೆ" ಎಂದಳು ಕಾಲಿಪಾ, ಕಲಿಸಿದಂತೆ ನಗುನಗುತ್ತಲೇ.

ಕುಂದುಜ್ ಏನೋ ಹೇಳಿದಳು. ಆತ ಎದೆಯ ಮೇಲೆ ಕೈಯಿಟ್ಟು ಬಗ್ಗಿ ವಂದಿಸಿದ.

"ಏನಂದೆ ಅವನಿಗೆ?"

"ನೀವು ಕಾಲಿಟ್ಟ ಕಡೆಯೆಲ್ಲ ಬೆಳಕಾಗಲಿ ಅಂತ ಹರಸ್ತಿದಾರೆ ಅಂದೆ, ಅಮ್ಮ."

"ನಾನಂದಿದ್ದನ್ನ ಹೇಳೋಕೆ ನಿನಗೆ ಬಾಯಿಲ್ವಾ?"

"ಬಾಯಿದೆ. ಕೆಲಸಾನೂ ಬೇಕಲ್ಲ."

ಈ ಮಾತಿಗೆ ಕಾಲಿಪಾ ನಕ್ಕಳು. ಆದರೆ ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತಾಳೆ, ಎಡಗೋಡೆಯ ಕಂಬಳಿಯಲ್ಲಿ ಒಂದು ದುಂಡು ತೂತು, ಅದರೊಳಗಿಂದ ತಂಪು ಗಾಳಿಯ ಕೊಳವೆ ಮೂತಿ ಹೊರಹಾಕಿದೆ. ಕತ್ತರಿಸಿ ತೆಗೆದ ಕಂಬಳಿಯ ತುಂಡು ಕೆಳಗೆ ಬಿದ್ದಿತ್ತು, ಕೆಲಸದವನೊಬ್ಬ ಅದರಿಂದ ಕೈಯ ಎಣ್ಣೆ ಒರೆಸಿಕೊಂಡಿದ್ದ. ಆ ಗೋಡೆಯ ಪಕ್ಕದಲ್ಲೇ ಜಪಾರ್ ಮಲಗಿದ್ದದ್ದು.

ಅವಳು ಬಗ್ಗಿ ತುಂಡನ್ನು ಎತ್ತಿಕೊಂಡಳು. ಆ ತುಂಡು ಹಿಡಿದುಕೊಂಡೇ ಮೆದೆರ್‌ಬೆಕ್‌ನ ಕೋಣೆಗೆ ನುಗ್ಗಿ ಮೇಜಿನ ಮೇಲೆ ಒಗೆದಳು. ಆತ ಫೋನಿನಲ್ಲಿದ್ದ. ಮಾತು ಮುಗಿಸಿ, ಆ ತುಂಡನ್ನು ಬೆರಳ ತುದಿಯಿಂದ ಬದಿಗೆ ಸರಿಸಿ, ಸೆಕೆಗೆ ಜನ ಒಳಗೆ ನಿಲ್ಲುತ್ತಿಲ್ಲ ಅಮ್ಮ, ಹೋಗುವಾಗ ಚೆನ್ನಾಗಿ ಹೊಲಿಸಿ ಕೊಡುತ್ತೇವೆ ಎಂದ. ಅವಳು ಅವನ ತಾತ ಮುತ್ತಾತಂದಿರನ್ನೆಲ್ಲ ಎಬ್ಬಿಸಿ ಬೈದಳು. ಆತ ಎಲ್ಲ ಕೇಳಿಸಿಕೊಂಡು, ಒಂದು ಲೋಟ ನೀರು ಕೊಟ್ಟು ಕಳಿಸಿದ. ಬೈಗುಳ ತಾಗದ ಮನುಷ್ಯನನ್ನು ಕಾಲಿಪಾ ಆವರೆಗೆ ಕಂಡಿರಲಿಲ್ಲ. ಬೈದರೆ ತಿರುಗಿ ಬೈಯುವವರನ್ನು ಕಂಡಿದ್ದಳು, ಓಡುವವರನ್ನು ಕಂಡಿದ್ದಳು. ಇವನು ಎಣ್ಣೆ ಸವರಿದ ಕಲ್ಲು.

ಅಂದೇ ಗಂಟು ಕಟ್ಟಿ ಹೊರಡಬಹುದಿತ್ತು. ಹೊರಡಲಿಲ್ಲ. ಹೊರಟರೆ ಸಾಕಿನಳ ಮುಂದೆ ತಲೆ ತಗ್ಗಿಸಬೇಕು, ನೀನು ಹೇಳಿದ್ದೇ ಸರಿ ಎನ್ನಬೇಕು. ಅದರ ಬದಲು ಆ ತೂತಿನ ಪಕ್ಕದಲ್ಲೇ ಕೂತು ತಕಲಿ ತಿರುಗಿಸಿದಳು. ತಂಪು ಗಾಳಿ ಕತ್ತಿಗೆ ಬಡಿದು ಮೈಕೈ ನೋವು ಬಂತು. ಆ ನೋವಿಗೂ ಸಿಟ್ಟು, ಅಲ್ಲೇ ಕೂತ ತನ್ನ ಮೇಲೂ ಸಿಟ್ಟು.

ಮೇಳದಲ್ಲಿ ಪ್ರತಿ ದೇಶಕ್ಕೂ ಒಂದು ಹಬ್ಬದ ದಿನ ಗೊತ್ತು ಮಾಡಿರುತ್ತಾರೆ. ಆ ದಿನ ದೊಡ್ಡ ದೊಡ್ಡ ಅತಿಥಿಗಳು ಆ ದೇಶದ ಮಂಟಪಕ್ಕೆ ಬರುತ್ತಾರೆ. ನಮ್ಮ ದಿನ ಹತ್ತಿರವಾದಾಗ ಮೆದೆರ್‌ಬೆಕ್ ಚಾಕೊಲೇಟ್ ಡಬ್ಬ ಹಿಡಿದುಕೊಂಡು ಕಾಲಿಪಾಳ ಬಳಿ ಬಂದು ನೆಲದ ಮೇಲೇ ಕೂತ. ಕುದುರೆ, ಹದ್ದು, ಕುಣಿತ ಎಲ್ಲ ದೇಶದವರೂ ತೋರಿಸುತ್ತಾರೆ, ನೋಡಿದವರ ಕರುಳು ಕಲಕುವಂಥದ್ದು ಬೇಕು ಎಂದ. ಅವಳು ಸಾವಿನ ಹಾಡು ಹೇಳುತ್ತಾಳೆಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಯಾರು ಸತ್ತಿದಾರೆ?" ಎಂದಳು ಕಾಲಿಪಾ.

"ಯಾರೂ ಸತ್ತಿಲ್ಲ ಅಮ್ಮ. ಕಲೆ ಅಂತ ಹಾಡೋದು. ಸ್ವಲ್ಪ ಹೊತ್ತು, ಅಷ್ಟೆ."

"ಹೆಣ ಇಲ್ದೆ ಹಾಡಿದ್ರೆ ಆ ಹಾಡು ಹೆಣ ಹುಡುಕ್ಕೊಂಡು ಹೊರಡುತ್ತೆ. ನಿಮ್ಮಮ್ಮ ಇದ್ದಾರಾ?"

"ಇದ್ದಾರೆ."

"ಅವರನ್ನ ಕರ್ಕೊಂಡ್ಬಂದು ಇಲ್ಲಿ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ. ಹಾಡ್ತೀನಿ."

ಮೆದೆರ್‌ಬೆಕ್‌ನ ಮುಖ ಮೊದಲ ಸಲ ಬಿಗಿಯಿತು. ಆದರೂ ದನಿ ಏರಿಸಲಿಲ್ಲ. ಇಂಥ ಮೂಢನಂಬಿಕೆಯಿಂದಲೇ ನಮ್ಮ ದೇಶ ಹಿಂದೆ ಬಿದ್ದಿದೆ ಎಂದ. ಅವಳು ಚಾಕೊಲೇಟ್ ಡಬ್ಬವನ್ನು ಅವನ ಮಡಿಲಿಗೆ ವಾಪಸು ಇಟ್ಟು, ಇನ್ನು ಈ ಮಾತು ಎತ್ತಿದರೆ ತಕಲಿಯಿಂದಲೇ ಬಾಯಿ ಹೊಲಿಯುತ್ತೇನೆ ಎಂದಳು. ಆತ ಎದ್ದು ಹೋದ. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಮಾತು ಅಲ್ಲಿಗೆ ಮುಗಿಯಿತೆಂದು ಅವಳು ತಿಳಿದಳು.

ಹಬ್ಬದ ದಿನ ಬೆಳಗಿನಿಂದ ಅವಳನ್ನು ಹೊರಗಿನ ವೇದಿಕೆಯಲ್ಲಿ, ಬಿಸಿಲಲ್ಲಿ, ಬಾವುಟದ ಪಕ್ಕ ನಿಲ್ಲಿಸಿದ್ದರು. ಮಧ್ಯಾಹ್ನದ ಮೇಲೆ, ಇನ್ನು ಸಾಕು, ವಿಶ್ರಾಂತಿ ತಗೊಳ್ಳಿ ಎಂದರು. ಕಾಲು ಊದಿಕೊಂಡಿದ್ದವು. ಕಂಬಳಿಮನೆಯ ನೆರಳಲ್ಲಿ ಕಾಲು ಚಾಚೋಣವೆಂದು ಮಂಟಪದೊಳಕ್ಕೆ ಬಂದಳು.

ಬಂದರೆ ಒಳಗಿನಿಂದ ಸಾವಿನ ಹಾಡು ಕೇಳುತ್ತಿದೆ.

ಒಂದು ಗಳಿಗೆ ಅವಳಿಗೆ ನಿಜಕ್ಕೂ ಯಾರೋ ಹೋದರೆಂದೇ ಅನಿಸಿತು. ಜನರನ್ನು ಸರಿಸಿಕೊಂಡು ಬಾಗಿಲಿಗೆ ಹೋದಳು. ಒಳಗೆ ಅತಿಥಿಗಳು ಕೈಯಲ್ಲಿ ಗಾಜಿನ ಲೋಟ ಹಿಡಿದು ಅರ್ಧ ವೃತ್ತವಾಗಿ ನಿಂತಿದ್ದರು. ಕುಂದುಜ್ ಕಪ್ಪು ಉಡುಪು ಹಾಕಿಕೊಂಡು, ಜನರಿಗೆ ಬೆನ್ನು ಹಾಕಿ, ಜಾಲರಿಗೆ ಮುಖ ಮಾಡಿ ಕೂತು ಹಾಡುತ್ತಿದ್ದಳು. ಅಪ್ಪಾ, ನನ್ನ ಬೆಟ್ಟವೇ, ಯಾಕೆ ಕುಸಿದೆ ಎಂದು ಯಾರೋ ಬರೆದುಕೊಟ್ಟ ಸಾಲುಗಳು. ಎಡಭಾಗದಲ್ಲಿ, ಪರದೆ ಅರ್ಧ ಸರಿಸಿ, ಹಾಸುಗಂಬಳಿಯೊಂದನ್ನು ಉದ್ದಕ್ಕೆ ಸುರುಳಿ ಸುತ್ತಿ ಇಟ್ಟಿದ್ದರು. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿ, ತಲೆಯ ಕಡೆ ಗಂಡಸಿನ ಟೋಪಿಯೊಂದನ್ನು ಇಟ್ಟಿದ್ದರು. ಜಪಾರ್ ಮಲಗಿದ್ದ ಜಾಗದಲ್ಲೇ, ಅವನಷ್ಟೇ ಉದ್ದಕ್ಕೆ. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಿಂದ ಅದರ ಫೋಟೋ ತೆಗೆಯುತ್ತಿದ್ದಳು.

ಕಾಲಿಪಾ ಬಾಗಿಲಿನಿಂದ ಹಿಂದೆ ಸರಿದು, ಮನೆಯ ಬೆನ್ನಿಗೆ ಹೋಗಿ, ಸುತ್ತು ಬಿಗಿದಿದ್ದ ಕುದುರೆಕೂದಲ ಹಗ್ಗದ ಗಂಟಿಗೆ ಕೈ ಹಾಕಿದಳು. ನಮ್ಮಲ್ಲಿ ಮನೆ ಕಟ್ಟುವುದೂ ಬಿಚ್ಚುವುದೂ ಹೆಂಗಸರ ಕೆಲಸ. ಮಳೆ ಬರಲಿ, ಹಿಮ ಬೀಳಲಿ, ಬೆರಳುಗಳಿಗೆ ಅದು ಗೊತ್ತು. ಹಗ್ಗ ಸಡಿಲಿತು. ನೆತ್ತಿಯ ಮುಚ್ಚಳದ ಕಂಬಳಿಯನ್ನು ಎಳೆದಳು, ಅದು ಜಾರಿ ಬಿತ್ತು. ಆಮೇಲೆ ಮಾಡಿನ ಕಂಬಳಿ. ಒಳಗಿದ್ದವರ ತಲೆಯ ಮೇಲೆ ಮಂಟಪದ ಬಿಳಿ ದೀಪಗಳ ಬೆಳಕು ಸುರಿಯಿತು. ಹಾಡು ನಿಂತಿತು. ಆಮೇಲೆ ತೂತಿನ ಗೋಡೆಗಂಬಳಿಯನ್ನು ಎಳೆದಳು. ಗಾಳಿಯ ಕೊಳವೆ ಅದರಿಂದ ಕಳಚಿ, ಕೆಳಗೆ ಬಿದ್ದು ಬುಸುಗುಟ್ಟಿತು. ಈಗ ಜಾಲರಿಯ ಕಿಂಡಿಗಳಲ್ಲಿ ಒಳಗಿನವರೂ ಹೊರಗಿನವರೂ ಒಬ್ಬರನ್ನೊಬ್ಬರು ನೋಡುವಂತಾಯಿತು.

ಆಗ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು.

ಆಮೇಲೆ ಎಲ್ಲರೂ ತಟ್ಟಿದರು. ಸಾವಿನ ಮನೆಯನ್ನು ಬಿಚ್ಚುವುದೂ ಆಟದ ಭಾಗವೆಂದೇ ಅವರು ತಿಳಿದರು. ಅತಿಥಿಗಳು ಲೋಟ ಕೆಳಗಿಟ್ಟು, ಶಿಸ್ತಿನಿಂದ ಒಬ್ಬೊಬ್ಬರಾಗಿ ಬಾಗಿಲಿನಿಂದ ಹೊರಬಂದು, ಸುತ್ತ ಗುಂಪುಕಟ್ಟಿ ನಿಂತರು. ಬೇರೆ ಮಂಟಪಗಳಿಂದಲೂ ಜನ ಓಡಿ ಬಂದರು. ಎಲ್ಲರ ಕೈಯಲ್ಲೂ ಫೋನು ಮೇಲೆದ್ದವು.

"ನಿಮ್ಮ ಮನೆಯೊಳಗೂ ಹೀಗೇ ಹೆಣ ಇಡಿಸಿ" ಎಂದು ಕಾಲಿಪಾ ಅವರ ಕಡೆ ತಿರುಗಿ ಕಿರುಚಿದಳು. "ನಿಮ್ಮ ಗಂಡನ ಟೋಪಿ ಇಟ್ಟು ನೀವೂ ತಟ್ಟಿ ಚಪ್ಪಾಳೆ, ನಾನೂ ಬಂದು ನೋಡ್ತೀನಿ, ಥೂ."

ಚಪ್ಪಾಳೆ ಇನ್ನೂ ಜೋರಾಯಿತು.

ಮೆದೆರ್‌ಬೆಕ್ ಓಡಿ ಬಂದ. ಜನ ನೋಡುತ್ತಿದ್ದುದರಿಂದ ತುಟಿಯ ಮೇಲೆ ನಗು ಅಂಟಿಸಿಕೊಂಡು, ಅವಳ ಕಿವಿಯ ಹತ್ತಿರ ಬಗ್ಗಿ, ನಿಲ್ಲಿಸಿ ಅಮ್ಮ, ದೇಶದ ಮಾನ ಹೋಗುತ್ತೆ ಎಂದ.

"ಮಾನ ಅಂದ್ಯಾ?" ಆವರೆಗೆ ನೀವು ಎನ್ನುತ್ತಿದ್ದವಳ ಬಾಯಿಂದ ಈಗ ಬಂದದ್ದು ಏಕವಚನ. "ಮಾನ ಆಗ್ಲೇ ಬಿಳಿ ಬಟ್ಟೆ ಹೊದ್ದು ಮಲಗಿದೆ, ನೋಡ್ಕೊ ಹೋಗು. ಕೈ ಮುಟ್ಟಿದ್ರೆ ಈ ಗಳದಲ್ಲಿ ತಲೆ ಒಡೀತೀನಿ, ಅದಕ್ಕೂ ಚಪ್ಪಾಳೆ ತಟ್ತಾರೆ."

ಆತ ಮುಟ್ಟಲಿಲ್ಲ. ಮಾಡಿನ ಗಳಗಳನ್ನು ಒಂದೊಂದಾಗಿ ಕಳಚುವಾಗ ನೆತ್ತಿಯ ಚಕ್ರವನ್ನು ಕೆಳಗಿನಿಂದ ಕವೆಗೋಲಲ್ಲಿ ಯಾರಾದರೂ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಅದು ಬಿದ್ದು ಒಡೆಯುತ್ತದೆ. ಒಂಟಿ ಹೆಂಗಸಿಗೆ ಆಗುವ ಕೆಲಸವಲ್ಲ. ಕಾಲಿಪಾ ಸುತ್ತ ನೋಡಿದಳು. ಕುಂದುಜ್ ಕಪ್ಪು ಉಡುಪಿನಲ್ಲೇ ಬಂದು ಕವೆಗೋಲು ಹಿಡಿದಳು.

"ನಿಮ್ಮಪ್ಪ ಬದುಕಿದಾನೇನೆ?" ಎಂದಳು ಕಾಲಿಪಾ.

"ಬದುಕಿದಾನಮ್ಮ."

"ಬದುಕಿರೋ ಅಪ್ಪನ್ನ ಅತ್ತು ಬಂದ್ಯಲ್ಲ, ನಾಚಿಕೆ ಆಗ್ಲಿಲ್ವಾ? ನೆಟ್ಟಗೆ ಹಿಡಿ."

ಹುಡುಗಿ ಅಳುತ್ತ ನೆಟ್ಟಗೆ ಹಿಡಿದಳು. ಕಾಲಿಪಾ ಅವಳನ್ನು ಸಮಾಧಾನ ಮಾಡಲಿಲ್ಲ. ಗಳಗಳು ಕಳಚಿದವು, ಚಕ್ರ ಕೆಳಗಿಳಿಯಿತು, ಜಾಲರಿಗಳು ಮಡಚಿದವು, ಬಾಗಿಲ ಚೌಕಟ್ಟು ಕೊನೆಗೆ. ಸುರುಳಿ ಸುತ್ತಿದ ಹಾಸುಗಂಬಳಿಯ ಮೇಲಿನ ಬಿಳಿ ಬಟ್ಟೆಯನ್ನು ಅವಳು ಕಿತ್ತು ಬಿಸಾಡಿ, ಟೋಪಿಯನ್ನು ಮೆದೆರ್‌ಬೆಕ್‌ನ ಎದೆಗೆ ಒತ್ತಿ ಹಿಡಿಸಿ, ಎಲ್ಲವನ್ನೂ ಮೂಟೆ ಕಟ್ಟಿ, ಮೂಟೆಯ ಮೇಲೆ ಕೂತಳು.

ಸಂಜೆಯ ಹೊತ್ತಿಗೆ ಮೆದೆರ್‌ಬೆಕ್ ಮತ್ತೆ ಬಂದ. ಜಗಳಕ್ಕೆ ಬರುತ್ತಾನೆಂದು ಅವಳು ಕಾದಿದ್ದಳು. ಆದರೆ ಆತನ ಕಣ್ಣು ಹೊಳೆಯುತ್ತಿದ್ದವು. ಹಬ್ಬದ ದಿನಗಳಲ್ಲೆಲ್ಲ ಇಂಥದ್ದನ್ನು ಕಂಡಿರಲಿಲ್ಲವೆಂದು ಅತಿಥಿಗಳು ಹೇಳಿ ಹೋಗಿದ್ದರಂತೆ, ಮೇಳದ ಟಿವಿಯಲ್ಲೆಲ್ಲ ಅದೇ ಓಡುತ್ತಿತ್ತಂತೆ. ಬೆಳಗ್ಗೆ ಕಟ್ಟುವುದು, ಮಧ್ಯಾಹ್ನ ಬಿಚ್ಚುವುದು, ಹೀಗೆ ದಿನವೂ ಮಾಡಿದರೆ ಹೇಗೆ ಎಂದು ಕೇಳಿದ. ಬೈಗುಳವೂ ಇರಲಿ, ಅದರಲ್ಲೇ ಜೀವ ಇರುವುದು ಎಂದ.

ಕಾಲಿಪಾ ಮೂಟೆಯ ಮೇಲಿಂದಲೇ ಅವನ ಕಡೆ ತಿರುಗಿದಳು.

"ನನ್ನ ಸಿಟ್ಟಿಗೂ ಟಿಕೆಟ್ ಇಡ್ತೀಯಾ, ಮಗಾ?"

ಆತನಿಗೆ ಅದು ಅರ್ಥವಾಗಲಿಲ್ಲ. ಟಿಕೆಟ್ ಬೇಡ ಅಮ್ಮ, ಪ್ರವೇಶ ಉಚಿತ ಎಂದ. ಇಷ್ಟು ದಿನದಲ್ಲಿ ಅವಳಿಗೆ ನಿಜವಾಗಿ ಸೋಲೆಂದು ಅನಿಸಿದ್ದು ಆ ಗಳಿಗೆಯಲ್ಲಿ. ಕುದುರೆಯಿಂದ ಇಳಿಯದವನನ್ನು ನೀರಿಗೆ ನಡೆಸಬಹುದು. ನೀರಿಗಿಳಿಸಿದರೆ ಮೀನು ಹಿಡಿಯುವವನಿಗೆ ಏನು ಮಾಡುವುದು? ಆಮೇಲೆ ಅವಳು ಅವನೊಂದಿಗೆ ಮಾತೇ ಆಡಲಿಲ್ಲ. ಮೂಟೆಗಳನ್ನು ಬಿಟ್ಟು ಏಳಲಿಲ್ಲ. ಕುಂದುಜ್ ತಂದುಕೊಟ್ಟದ್ದನ್ನು ಅಲ್ಲೇ ತಿಂದಳು, ಅಲ್ಲೇ ಒರಗಿದಳು. ಕಂಪನಿಯವರು ಕರಾರು ಎಂದರು, ರಾಯಭಾರ ಕಚೇರಿ ಎಂದರು. ಕೊನೆಗೆ ಬೇಸತ್ತು ಮರದ ಪೆಟ್ಟಿಗೆಗಳನ್ನು ತರಿಸಿದರು. ಪೆಟ್ಟಿಗೆಗೆ ಮೊಳೆ ಬಡಿದು, ಮೇಲೆ ತೊಸೊರ್ ಎಂದು ಬರೆದದ್ದನ್ನು ಕಂಡ ಮೇಲೆಯೇ ಅವಳು ವಿಮಾನ ಹತ್ತಿದ್ದು. ಕಡಲನ್ನು ಅವಳು ವಿಮಾನದ ಕಿಟಕಿಯಿಂದ ಕಂಡಳು. ಅದೊಂದು ದೊಡ್ಡ ತಗಡಿನ ಹಾಗಿತ್ತು.

ಪೆಟ್ಟಿಗೆಗಳು ಊರು ತಲುಪಿದಾಗ ಎಲೆ ಉದುರುವ ಕಾಲ. ಸಾಕಿನ್ ತಾನಾಗಿಯೇ ಬಂದು, ಅಂಗಳದಲ್ಲಿ ಕಂಬಳಿಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹಾಕಿದಳು. ತೂತಿನ ಕಂಬಳಿ ಸಿಕ್ಕಾಗ ಅದರೊಳಗೆ ಕೈ ತೂರಿಸಿ, ಆಚೆ ಬಂದ ತನ್ನ ಬೆರಳುಗಳನ್ನು ನೋಡುತ್ತ ನಿಂತಳು. ಹೊಲಿದರೆ ನಿಲ್ಲುವುದಿಲ್ಲ, ಇಡೀ ಕಂಬಳಿ ಹೊಸದಾಗಬೇಕು ಎಂದು ಉಣ್ಣೆ ತರಲು ಹೋದಳು.

ಉಣ್ಣೆ ಬಡಿದು, ನೀರು ಕುದಿಸಿ, ಸುರುಳಿ ಸುತ್ತಿ, ಇಬ್ಬರೂ ಪಕ್ಕಪಕ್ಕ ಮೊಣಕಾಲೂರಿ ಮೊಣಕೈಯಿಂದ ಒತ್ತತೊಡಗಿದರು. ವಯಸ್ಸಾಗಿತ್ತು, ಇಬ್ಬರಿಗೂ ಏದುಸಿರು. ಸಾಕಿನಳ ಮೌನ ಕಾಲಿಪಾಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಕೊನೆಗೆ ತಡೆಯಲಾರದೆ ಹೇಳಿದಳು:

"ಬೈಯಕ್ಕ. ಒಂದ್ಸಲ ಬಾಯ್ತುಂಬ ಬೈದ್ಬಿಡು, ಮುಗೀಲಿ."

"ಈ ಮನೆಗೆ ನಿನ್ನ ಸಿಟ್ಟೇ ಸಾಲ್ದಾ? ನಂದೂ ಬೇಕಾ?"

"ಬೇಕು."

ಸಾಕಿನ್ ಒತ್ತುವುದನ್ನು ನಿಲ್ಲಿಸಿದಳು. "ಜಪಾರ್ ನಿನ್ನ ಗಂಡ. ಅವನು ಮಲಗಿದ್ದ ಜಾಗ ಕೊಟ್ಟೆ, ಅದು ನಿನ್ನಿಷ್ಟ ಅನ್ನು. ಅದೇ ಜಾಗದಲ್ಲಿ ನನ್ನ ಗಂಡಾನೂ ಮಲಗಿದ್ದ ಕಾಲಿಪಾ. ಅವನನ್ನ ಯಾರು ಕೇಳಿದ್ರು? ನನ್ನನ್ನ ಕೇಳಿದ್ಯಲ್ಲ, ನಾನು ಬೇಡ ಅಂದೆ. ಅಂದಿದ್ದು ಕೇಳಿಸ್ತಾ ನಿಂಗೆ?"

ಇಡೀ ಊರಿನ ಬಾಯಿ ಮುಚ್ಚಿಸಿದವಳು ಬಿಸಿ ಸುರುಳಿಯ ಮೇಲೆ ಬಗ್ಗಿ ಒತ್ತಿದಳು. ಸಾಕಿನಳೂ ಒತ್ತಿದಳು. ಸಂಜೆ ಸಾಕಿನ್ ಹೋಗುವಾಗ, ನಾಳೆ ಬೇಗ ನೀರು ಕಾಯಿಸಿಡು ಎಂದು ಹೇಳಿ ಹೋದಳು.

ಚಳಿಗಾಲದಲ್ಲಿ ಕುಂದುಜ್ ಫೋನ್ ಮಾಡಿದಳು. ತನ್ನ ಅಪ್ಪ ಚೆನ್ನಾಗಿದ್ದಾನೆ ಎಂಬುದನ್ನು ಮೊದಲು ಹೇಳಿದಳು. ಆಮೇಲೆ, ಕಾಲಿಪಾ ಹೋದ ಮೇಲೆ ಮಂಟಪದ ಖಾಲಿ ಜಾಗದಲ್ಲಿ ದೊಡ್ಡ ಪರದೆ ಹಾಕಿ ಅವಳು ಮನೆ ಬಿಚ್ಚುವುದನ್ನೇ ಮೇಳ ಮುಗಿಯುವವರೆಗೆ ತೋರಿಸಿದರೆಂದೂ, ಮೆದೆರ್‌ಬೆಕ್‌ಗೆ ಅದಕ್ಕೊಂದು ಬಹುಮಾನ ಬಂತೆಂದೂ, ಬಿಷ್ಕೆಕ್‌ನ ಕಂಪನಿಯ ಕಚೇರಿಯಲ್ಲಿ ಅವಳ ಫೋಟೋ ತೂಗುಹಾಕಿದ್ದಾರೆಂದೂ ಹೇಳಿದಳು.

ಮರುದಿನವೇ ಕಾಲಿಪಾ ವ್ಯಾನ್ ಹತ್ತಿದಳು. ಕಚೇರಿಯಲ್ಲಿ ಮೆದೆರ್‌ಬೆಕ್ ಇರಲಿಲ್ಲ, ಮುಂದಿನ ಮೇಳದ ಕೆಲಸಕ್ಕೆ ಹೊರದೇಶಕ್ಕೆ ಹೋಗಿದ್ದ. ಬಾಗಿಲೆದುರಿನ ಗೋಡೆಯ ಮೇಲೆ ಅವಳಿದ್ದಳು. ರುಮಾಲು ಜಾರಿದೆ, ಬಾಯಿ ತೆರೆದಿದೆ, ಕೈಯಲ್ಲಿ ಹಗ್ಗ, ಕಣ್ಣುಗಳಲ್ಲಿ ಕೆಂಡ. ಥೂ ಎಂದ ಗಳಿಗೆ ಅದು. ಕೆಳಗೆ ಚಿನ್ನದ ಅಕ್ಷರದಲ್ಲಿ ಬರೆದಿತ್ತು: ನಮ್ಮ ಜನರ ಆತಿಥ್ಯ.

ಮೇಜಿನ ಹಿಂದಿದ್ದ ಹುಡುಗಿ ಗುರುತು ಹಿಡಿದು, ಸಂತೋಷದಿಂದ ಎದ್ದು ಬಂದು, ಅಮ್ಮಾ ಜೊತೆಗೊಂದು ಫೋಟೋ ಎಂದಳು. ಕಾಲಿಪಾ ಅವಳ ಕುರ್ಚಿಯನ್ನೇ ಎಳೆದು, ಅದರ ಮೇಲೆ ಹತ್ತಿ, ಚೌಕಟ್ಟನ್ನು ಮೊಳೆಯಿಂದ ಎತ್ತಿ ಇಳಿಸಿದಳು. ಹಾಗೆಲ್ಲ ತೆಗೆಯಬಾರದು, ಅದು ಕಂಪನಿಯ ಸೊತ್ತು ಎಂದು ಹುಡುಗಿ ಅಡ್ಡ ಬಂದಳು.

"ಮುಖ ನಂದು" ಎಂದಳು ಕಾಲಿಪಾ. "ಕಂಪನಿ ಬೇಕಾದ್ರೆ ಆ ಮೊಳೆ ಇಟ್ಕೊಳ್ಲಿ."

ಚೌಕಟ್ಟು ಅವಳಷ್ಟೇ ಎತ್ತರವಿತ್ತು. ವ್ಯಾನಿನಲ್ಲಿ ಅದನ್ನು ಇಡಲು ಜಾಗವಿಲ್ಲದೆ, ಚಾಲಕನೊಂದಿಗೆ ಜಗಳವಾಡಿ, ಸೀಟುಗಳ ನಡುವಿನ ಹಾದಿಯಲ್ಲಿ ನಿಲ್ಲಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಪ್ರಯಾಣಿಕರು ಫೋಟೋವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಂಗಳದಲ್ಲಿ ಇಳಿಸಿದಾಗ ಸಾಕಿನ್ ಕುರಿಗಳಿಗೆ ಹುಲ್ಲು ಹಾಕುತ್ತಿದ್ದವಳು ಬಂದು ನೋಡಿದಳು. ಕೆಳಗಿನ ಅಕ್ಷರಗಳನ್ನು ನಿಧಾನವಾಗಿ ಓದಿದಳು. ಮತ್ತೆ ಫೋಟೋದ ಮುಖ ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು, ಆಮೇಲೆ ಭುಜ, ಆಮೇಲೆ ಹುಲ್ಲಿನ ಕಟ್ಟು ಕೈಯಿಂದ ಬಿತ್ತು. ಕಳೆದ ವಸಂತದಿಂದ ಅವಳು ನಕ್ಕಿದ್ದನ್ನು ಕಾಲಿಪಾ ಕಂಡಿರಲಿಲ್ಲ.

"ನಗ್ತೀಯಲ್ಲಕ್ಕ, ನನಗೆ ಮೈಯೆಲ್ಲ ಉರೀತಿದೆ."

"ಉರೀಲಿ ಬಿಡು. ನಮ್ಮನೆಗೆ ಬಂದೋರನ್ನ ನೀನು ಯಾವತ್ತೂ ಹೀಗೇ ಅಲ್ವೇನೆ ಸ್ವಾಗತಿಸಿದ್ದು?"

ಕಾಲಿಪಾಳಿಗೆ ನಗು ಬರಲಿಲ್ಲ. ಮೆದೆರ್‌ಬೆಕ್‌ನ ಹೆಸರೆತ್ತಿದರೆ ಈಗಲೂ ಅವಳು ಥೂ ಎನ್ನುತ್ತಾಳೆ. ಅವನು ಇನ್ನೆರಡು ಮೇಳಗಳ ಮಂಟಪ ಕಟ್ಟಿದ್ದಾನೆಂದು ಕೇಳಿದ್ದಾಳೆ. ಅವು ಹೇಗಿದ್ದವೆಂದು ಯಾರನ್ನೂ ವಿಚಾರಿಸಿಲ್ಲ. ಫೋಟೋ ತಂದ ಆ ಸಂ‍ಜೆ ಚೌಕಟ್ಟಿನ ಹಲಗೆ ಗಟ್ಟಿಯಾಗಿದೆ, ಬಿಸಾಡುವುದು ಬೇಡ ಎಂದು ಸಾಕಿನ್ ಹೇಳಿದಳು. ಇಬ್ಬರೂ ಸೇರಿ ಅದನ್ನು ಕೋಳಿಗೂಡಿನ ಬಡಗಣ ಗೋಡೆಗೆ, ಚಿತ್ರವಿದ್ದ ಬದಿ ಒಳಗಾಗಿ, ಗಾಳಿ ನುಗ್ಗದಂತೆ ಮೊಳೆ ಹೊಡೆದರು.